ಲೋಬಾನ ಹಾಕಿದ ಕಂಪ್ಯೂಟರ್

"ಕಂಪ್ಯೂಟರ್ ಹ್ಯಾಂಗ್ ಆಗೇದ್ರಿ, ಜರಾ ಕೂಡ್ರಿ."

ಈ ಮಾತು ಕೇಳದವರು ಈಗ ಯಾರಿದ್ದಾರೆ? ಬ್ಯಾಂಕಿಗೆ ಹೋದರೆ ಇದೇ ಮಾತು, ಪಂಚಾಯಿತಿಗೆ ಹೋದರೆ ಇದೇ ಮಾತು, ಪಹಣಿ ತೆಗೆಸಲು ಹೋದರೂ ಇದೇ ಮಾತು. ಕೇಳುತ್ತೇವೆ, ಕೂಡ್ರುತ್ತೇವೆ, ಬೇಸರವಾದರೆ ಎದ್ದು ಮನೆಗೆ ಹೋಗುತ್ತೇವೆ. ರಾಜೇಶ್ವರ ಎಂಬ ಊರಿನಲ್ಲಿ ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡಿದವನು ಫೋಟೋ ಸ್ಟುಡಿಯೋದ ವೈಜನಾಥ. ಆಡಿ ಆಡಿ ಅವನಿಗೆ ಅದು ನಮಸ್ಕಾರದಷ್ಟು ರೂಢಿಯಾಗಿತ್ತು. ಆ ರೂಢಿಯಿಂದ ಒಬ್ಬ ತಾಯಿ ಏನು ಕಳಕೊಂಡಳು ಅನ್ನುವುದೇ ಈ ಕಥೆ.

ವೈಜನಾಥ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಬಸವಕಲ್ಯಾಣದಿಂದ ಹಿಡಿದು ಮಂಠಾಳದವರೆಗೆ ಯಾರ ಮನೆಯಲ್ಲಿ ಲಗ್ನವಾದರೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುವವನು. ಬಡವರ ಮನೆಯ ಕೂಸಿನ ಜವಳವಾದರೂ ಅಷ್ಟೇ ಅಕ್ಕರೆಯಿಂದ ತೆಗೆಯುವವನು. ಹೆಂಡತಿ ಪೂನಂ ಹೆಣ್ಣುಮಕ್ಕಳ ಸೆರಗು ಸರಿಮಾಡಿ, ತಲೆಗೆ ಹೂ ಮುಡಿಸಿ ಕೂಡಿಸುತ್ತಿದ್ದಳು. ತಾಯಿ ರುಕ್ಮಿಣಿಬಾಯಿ ಹಿಂಬದಿಯ ಮನೆಯಲ್ಲಿದ್ದುಕೊಂಡೇ ಅಂಗಡಿಯ ದೇವರು, ದೀಪ, ದೃಷ್ಟಿ ಎಲ್ಲದರ ಕಾರಭಾರ ನೋಡಿಕೊಳ್ಳುತ್ತಿದ್ದಳು.

ಸ್ಟುಡಿಯೋದ ಮಗ್ಗುಲಿಗೆ ಹಿಟ್ಟಿನ ಗಿರಣಿ. ದಿನವಿಡೀ ಜೋಳ ಬೀಸುವ ಸದ್ದು, ದಿನವಿಡೀ ಹಿಟ್ಟಿನ ಧೂಳು. ಗಿರಣಿಯವನ ಹುಬ್ಬೂ ಬಿಳಿ, ವೈಜನಾಥನ ಕೌಂಟರೂ ಬಿಳಿ. ಆ ಕೌಂಟರಿನ ಕೆಳಗೆ, ನೆಲದ ಮೇಲೆ, ಕಂಪ್ಯೂಟರಿನ ಕರಿ ಡಬ್ಬಿ ಇತ್ತು. ಊರ ಮಂದಿಯ ಲಗ್ನ, ತೊಟ್ಟಿಲು, ಸತ್ತವರ ಮುಖ, ಹುಟ್ಟಿದವರ ಮುಖ, ಎಲ್ಲವೂ ಆ ಒಂದೇ ಡಬ್ಬಿಯಲ್ಲಿ. ಇನ್ನೊಂದು ಕಡೆ ಅದರ ನಕಲು ಇತ್ತೇ ಅಂದರೆ ಇರಲಿಲ್ಲ. ಕ್ಯಾಮೆರಾದ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸುವುದು, ಕಾರ್ಡ್ ಖಾಲಿ ಮಾಡಿ ಮುಂದಿನ ಲಗ್ನಕ್ಕೆ ಓಡುವುದು. ಇದು ಅವನ ಪದ್ಧತಿ.

ಆ ಕಂಪ್ಯೂಟರ್ ಮೊದಮೊದಲು ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಂಕಾಗುತ್ತಿತ್ತು. ಆಮೇಲೆ ಬೆಳಿಗ್ಗೆಯೂ ಮಂಕಾಗತೊಡಗಿತು. ಒಂದು ಫೋಟೋ ತೆರೆಯುವಷ್ಟರಲ್ಲಿ ಹೊರಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಒಳಗಿನ ಪಂಖಾ ಗುಂಯ್ ಎಂದು ಒದರುತ್ತಿತ್ತು, ಪರದೆಯ ಮೇಲಿನ ಬಾಣ ನಿಂತಲ್ಲೇ ನಿಲ್ಲುತ್ತಿತ್ತು. ವೈಜನಾಥ ಡಬ್ಬಿಯ ನೆತ್ತಿಗೆ ಅಂಗೈಯಿಂದ ಎರಡು ಬಾರಿಸುತ್ತಿದ್ದ. ಆಗಲೂ ಕೇಳದಿದ್ದರೆ ಗೋಡೆಯ ಬೋರ್ಡಿನ ಬಟನ್ನನ್ನೇ ಒತ್ತಿ ಕರೆಂಟು ತೆಗೆಯುತ್ತಿದ್ದ.

ರೋಗ ಏನೆಂದು ರುಕ್ಮಿಣಿಬಾಯಿ ಕಂಡುಹಿಡಿದಳು. ದೊಡ್ಡ ಪರದೆ ತಂದಾಗಿನಿಂದ ಬಂದವರೆಲ್ಲ ಅದನ್ನೇ ಕಣ್ಣು ಬಿಟ್ಟು ನೋಡುತ್ತಾರೆ, ಇದಕ್ಕೆ ದೃಷ್ಟಿಯಾಗಿದೆ ಎಂದಳು. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾಯಿತು. ಅಮಾವಾಸ್ಯೆಗೊಮ್ಮೆ ಕೆಂಡದ ಮೇಲೆ ಲೋಬಾನದ ಧೂಪ ಉದುರಿಸಿ, ಅಂಗಡಿಯ ಮೂಲೆ ಮೂಲೆಗೆ ಹೊಗೆ ತೋರಿಸುವ ರೂಢಿ ಅವರ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಈಗ ವೈಜನಾಥ ಲೋಬಾನದಾನಿಯನ್ನು ನೆಲಕ್ಕಿಟ್ಟು, ಡಬ್ಬಿಯ ಹಿಂದಿನ ಜಾಳಿಗೆಗೆ ಹಿಡಿದು, ಬೀಸಣಿಕೆಯಿಂದ ಹೊಗೆಯನ್ನು ಒಳಗೇ ಊದತೊಡಗಿದ. ಮುದುಕಿ ಹಳೆಯ ಸೀರೆಗಳ ಕೌದಿ ಹೊಲಿದು ಡಬ್ಬಿಗೆ ಅಂಗಿ ತೊಡಿಸಿದಳು. ಧೂಳೂ ಹೋಗಬಾರದು, ಯಾರ ಕಣ್ಣೂ ತಾಗಬಾರದು ಎಂಬುದು ಅವಳ ಲೆಕ್ಕ.

ನಗಬೇಡಿ. ಲೋಬಾನ ಹಾಕಿದ ಮೇಲೆ ಕಂಪ್ಯೂಟರ್ ಖರೇನೇ ನೆಟ್ಟಗೆ ಓಡುತ್ತಿತ್ತು. ಯಾಕೆಂದರೆ ಹೊಗೆ ಹಾಕುವ ಮುಂದೆ ಅವರು ಅದನ್ನು ಬಂದ್ ಮಾಡಿ, ಕೌದಿ ತೆಗೆದು, ಪೂಜೆ ಮುಗಿಯುವವರೆಗೆ ಸುಮ್ಮನೆ ಬಿಡುತ್ತಿದ್ದರು. ಅಷ್ಟರಲ್ಲಿ ಅದು ತಣ್ಣಗಾಗುತ್ತಿತ್ತು. ಓಡಿದ್ದು ತಂಪಿನಿಂದ, ಹೆಸರು ಬಂದದ್ದು ಲೋಬಾನಕ್ಕೆ. ಹೀಗಾಗಿ ಮನೆ ಮಂದಿಗೆಲ್ಲ ನಂಬಿಕೆ ಗಟ್ಟಿಯಾಯಿತು.

ಶಿವರಾತ್ರಿ ಮುಗಿದ ವಾರ ಪೂನಂಳ ತಂಗಿ ವಿಜಯಶ್ರೀ ಹುಮನಾಬಾದಿನಿಂದ ಬಂದಳು. ಅಲ್ಲಿಯ ಒಂದು ಔಷಧ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಅವಳದು. ಊಟವಾದ ಮೇಲೆ ಸ್ಟುಡಿಯೋಕ್ಕೆ ಬಂದವಳು ಕೌದಿ ಹೊದ್ದ ಡಬ್ಬಿಯನ್ನು ನೋಡಿ ಮೊದಲು ನಕ್ಕಳು. ಕೌದಿ ಸರಿಸಿ ಮೇಲೆ ಕೈ ಇಟ್ಟ ಕೂಡಲೆ ನಗು ನಿಂತಿತು. ಡಬ್ಬಿ ಹಂಚಿನ ಹಾಗೆ ಸುಡುತ್ತಿತ್ತು. ಮೊಬೈಲಿನ ಟಾರ್ಚ್ ಹಚ್ಚಿ ಹಿಂದಿನ ಜಾಳಿಗೆಯೊಳಗೆ ಹಣಕಿದಳು.

"ಮಾಮಾ, ಇದಕ್ಕ ಯಾರ ದೃಷ್ಟೀನೂ ಆಗಿಲ್ಲ. ಇದಕ್ಕ ಉಸಿರು ಕಟ್ಟೇದ," ಎಂದಳು. "ಒಳಗ ಪಂಖಾ ಅದ. ಅದು ಗಾಳಿ ಒಗದ್ರ ಮಷೀನು ತಣ್ಣಗ ಇರ್ತದ. ಗಿರಣಿ ಹಿಟ್ಟು, ಲೋಬಾನದ ಜಿಗಟು ಎರಡೂ ಕೂಡಿ ಪಂಖಾಕ್ಕ ರೊಟ್ಟಿ ಬಡದಂಗ ಮೆತ್ತ್ಯಾವ. ಮ್ಯಾಲ ಕೌದಿ ಬ್ಯಾರೆ ಹೊಚ್ಚೀರಿ. ಬ್ಯಾಸಗ್ಯಾಗ ನಿಮಗ ಕೌದಿ ಹೊಚ್ಚಿ ಕೂಡಿಸಿದ್ರ ನೀವು ಕೆಲಸಾ ಮಾಡ್ತೀರೇನು?"

ವೈಜನಾಥ ನಕ್ಕು, ತಾನು ಕೌದಿ ಇಲ್ಲದಿದ್ದರೂ ಕೆಲಸ ಮಾಡುವವನಲ್ಲ, ಬೇಕಾದರೆ ನಿಮ್ಮ ಅಕ್ಕನನ್ನು ಕೇಳು ಎಂದ. ರುಕ್ಮಿಣಿಬಾಯಿಗೆ ಮಾತ್ರ ಸಿಟ್ಟು ಬಂತು. ಲೋಬಾನದಿಂದ ಯಾರಿಗೂ ಕೆಟ್ಟದ್ದಾದ ಉದಾಹರಣೆ ಇಲ್ಲ ಎಂದಳು. ವಿಜಯಶ್ರೀ ಮುದುಕಿಯ ಮಗ್ಗುಲಿಗೆ ಕೂತು, ಲೋಬಾನ ಬಾಗಿಲಿಗೆ ತೋರಿಸಿರಿ, ದೇವರಿಗೆ ತೋರಿಸಿರಿ, ಇದರ ಮೂಗಿನಲ್ಲಿ ಮಾತ್ರ ಊದಬೇಡಿರಿ ಎಂದು ಸಮಾಧಾನದಿಂದಲೇ ಹೇಳಿದಳು.

ಆಮೇಲೆ ಪರದೆಯ ಮುಂದೆ ಕೂತು ಇನ್ನಷ್ಟು ನೋಡಿದಳು. ಡಿಸ್ಕಿನಲ್ಲಿ ಎಳ್ಳು ಹಾಕುವಷ್ಟೂ ಜಾಗ ಉಳಿದಿರಲಿಲ್ಲ. ಎಂದೋ ಮುಗಿದ ಕೆಲಸದ ಕಸ, ಒಂದೇ ಫೋಟೋದ ನಾಲ್ಕಾರು ಪ್ರತಿ, ಸಿನಿಮಾಗಳು. ಚಾಲೂ ಮಾಡಿದ ಕೂಡಲೆ ಬೇಕಾದ್ದು ಬೇಡದ್ದು ಎಲ್ಲ ಪ್ರೋಗ್ರಾಮುಗಳೂ ತಾವೇ ಎದ್ದು ಕೂಡ್ರುತ್ತಿದ್ದವು. ಕಂಡ ಕಂಡವರ ಪೆನ್‌ಡ್ರೈವ್ ಚುಚ್ಚಿ ಚುಚ್ಚಿ ವೈರಸ್ ಸೇರಿತ್ತು. ವೈರಸ್ ಕಾಯುವ ಪ್ರೋಗ್ರಾಮಿನ ಅವಧಿ ಮುಗಿದು ಯಾವ ಕಾಲವಾಗಿತ್ತೋ. ಅವಳು ನೋಡುತ್ತಿರುವಾಗಲೇ ಬಾಣ ನಿಂತಿತು. ವೈಜನಾಥ ರೂಢಿಯಂತೆ ಡಬ್ಬಿಗೊಂದು ಬಾರಿಸಿ ಬೋರ್ಡಿನ ಬಟನ್ನಿಗೆ ಕೈ ಹಾಕಿದ. ವಿಜಯಶ್ರೀ ಅವನ ಕೈ ಹಿಡಿದಳು.

"ಹಂಗ ಮಾಡಬ್ಯಾಡ್ರಿ ಮಾಮಾ. ಒಳಗ ಡಿಸ್ಕ್ ಗರಗರ ತಿರಗಾಕತ್ತಿರ್ತದ. ನೀವು ಬಡೀತೀರಿ, ಕರೆಂಟ್ ಕಡೀತೀರಿ. ಓಡೂ ಎತ್ತಿನ ಕಾಲಾಗ ಕಟಗಿ ಒಗದಂಗ ಆಗ್ತದ. ಒಂದಿನ ಕಾಲು ಮುರೀತದ. ಮಷೀನು ಹೋದ್ರ ಹೊಸಾದು ತರಬಹುದು, ಒಳಗಿನ ಫೋಟೋ ಯಾವ ಅಂಗಡ್ಯಾಗೂ ಸಿಗೂದಿಲ್ಲ. ಮೊದಲ ಕಾಪಿ ತೆಗೀರಿ, ಆಮ್ಯಾಲ ರಿಪೇರಿ."

ಈಗಲೇ ಡಬ್ಬಿ ಬಿಚ್ಚಿ ಧೂಳು ತೆಗೆದು ಕೊಡುತ್ತೇನೆ ಎಂದೂ ಹೇಳಿದಳು. ಕಿಸೆಯಲ್ಲಿ ಹಿಡಿಯುವಂಥ ಹೊರಗಿನ ಡಿಸ್ಕೊಂದು ಬಸವಕಲ್ಯಾಣದಲ್ಲೇ ಸಿಗುತ್ತದೆ, ತಂದರೆ ಎಲ್ಲವನ್ನೂ ಅದಕ್ಕೆ ಇಳಿಸಿ ಕೊಡುತ್ತೇನೆ ಎಂದಳು. ವೈಜನಾಥ ಒಪ್ಪಲಿಲ್ಲ. ಸಂಜೆಗೆ ಒಂದು ಲಗ್ನದ ಆಲ್ಬಂ ಕೊಡುವುದಿತ್ತು. ಬಿಚ್ಚಿದ್ದು ಮತ್ತೆ ಕೂಡದಿದ್ದರೆ ಏನು ಮಾಡುವುದು ಎಂಬ ಅಂಜಿಕೆ. ಕುಂಟುತ್ತಾದರೂ ನಡೆಯುವ ಎತ್ತನ್ನು ಯಾರಾದರೂ ಮಲಗಿಸುತ್ತಾರೆಯೇ ಎಂದ.

"ಸೀಜನ್ ಮುಗೀಲಿ ಬಿಡವಾ ವಿಜಯಾ. ಆಮ್ಯಾಲ ನೀ ಹೇಳ್ದಂಗ ಮಾಡ್ತೀನಿ."

ಹೋಗುವ ಮುಂದೆ ವಿಜಯಶ್ರೀ ಬಸ್ಸಿನ ಕಿಟಕಿಯಿಂದಲೇ ಇನ್ನೊಂದು ಮಾತು ಹೇಳಿದಳು. ಡಬ್ಬಿಯೊಳಗಿಂದ ಟಕ್ ಟಕ್ ಎಂದು ಸಪ್ಪಳ ಬಂದರೆ ಅದನ್ನು ಬಂದ್ ಮಾಡಿಬಿಡಿ, ಮತ್ತೆ ಚಾಲೂ ಮಾಡಬೇಡಿ, ನನಗೆ ಫೋನ್ ಮಾಡಿ. ವೈಜನಾಥ ಕೈ ಬೀಸಿದ. ಅವಳ ಬಸ್ಸು ಕಣ್ಮರೆಯಾಗುವ ಮೊದಲೇ ಪೂನಂ ಕೌದಿಯನ್ನು ಮತ್ತೆ ಹೊದಿಸಿದ್ದಳು, ಯಾಕೆಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

ಅದಾಗಿ ಕೆಲವೇ ದಿನಕ್ಕೆ ರತ್ನಮಾಲಾ ಬಂದಳು. ಊರ ದೇವಿದಾಸ ಮತ್ತು ದ್ರೌಪತಿಯ ಒಬ್ಬಳೇ ಮಗಳು. ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಗುಳಿಗೆ ಕಟ್ಟುವ ಕೆಲಸ. ಬೆಳಿಗ್ಗೆ ಹೆದ್ದಾರಿಗೆ ಹೋಗಿ ಕಂಪನಿ ಗಾಡಿ ಹತ್ತಿದರೆ ಸಂಜೆಗೆ ಇಳಿಯುತ್ತಿದ್ದಳು. ಭಾಲ್ಕಿ ಕಡೆಯ ಒಂದು ಸಂಬಂಧ ಬಂದಿತ್ತು, ವರನ ಕಡೆಯವರು ಫೋಟೋ ಕೇಳಿದ್ದರು. ತಾಯಿ ಕಡಲೆ ಕೀಳಲು ಹೋಗಿದ್ದರಿಂದ ರಜೆಯ ದಿನ ಒಬ್ಬಳೇ ಬಂದಳು, ಬಸವಕಲ್ಯಾಣದಲ್ಲಿ ತಂದ ಹೊಸ ನೀಲಿ ಸೀರೆ ಉಟ್ಟುಕೊಂಡು. ಪೂನಂ ಸೆರಗಿಗೆ ಪಿನ್ನು ಚುಚ್ಚಿ, ಹೊರಗೆ ಬೇರೆ ಗಿರಾಕಿಯ ಕಡೆ ಹೋದಳು. ವೈಜನಾಥ ಕೆಲವು ನಿಲ್ಲಿಸಿ ತೆಗೆದ, ಕೆಲವು ಕೂಡಿಸಿ ತೆಗೆದ. ಮುಂದೆ ಮಂಠಾಳದ ಲಗ್ನಕ್ಕೆ ಹೊರಡುವ ಅವಸರದಲ್ಲಿದ್ದ. ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿ, ಕಾರ್ಡ್ ಖಾಲಿ ಮಾಡಿಕೊಂಡು ಓಡಿದ.

ಮರುದಿನ ಸಂಜೆ ಗಾಡಿ ಇಳಿದು ರತ್ನಮಾಲಾ ಸ್ಟುಡಿಯೋದ ಮೆಟ್ಟಿಲ ಮೇಲೆ ನಿಂತಳು.

"ಅಣ್ಣಾ, ಫೋಟೋ ಆದ್ವೇನ್ರಿ?"

"ಹ್ಯಾಂಗ್ ಆಗೇದವಾ. ನಾಳಿ ಬಾ."

ನಾಳೆ ಬಂದಳು. ಆ ನಾಳೆಯೂ ಅದೇ ಮಾತು. ಮೊಬೈಲಿಗಾದರೂ ಕಳಿಸಿರಿ ಎಂದಳು. ತೆರೆದರಲ್ಲವೇ ಕಳಿಸುವುದು. ಒಂದು ಸಂಜೆ ವೈಜನಾಥ ಅವಳ ಎದುರಿಗೇ ಡಬ್ಬಿಗೆ ಬಾರಿಸಿ ತೋರಿಸಿದ, ನೋಡು, ನನ್ನ ಹಣೆಬರಹ ಇದು ಎಂದ. ಹುಡುಗಿ ಸೆರಗಿನಿಂದ ಮುಖ ಒರೆಸಿಕೊಂಡು, ಇರಲಿ ಬಿಡಿರಿ ಎಂದು ಹೋದಳು. ಜಗಳ ಮಾಡುವ ಸ್ವಭಾವ ಅವಳದಾಗಿರಲಿಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು ಎಂದು ವೈಜನಾಥನಿಗೆ ಈಗ ಅನಿಸುತ್ತದೆ.

ಯುಗಾದಿ ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಹೆದ್ದಾರಿ ದಾಟುವಾಗ ರತ್ನಮಾಲಾಗೆ ಲಾರಿ ಬಡಿಯಿತು. ಕಂಪನಿ ಗಾಡಿ ಆಚೆ ಬದಿಗೆ ನಿಂತು ಹಾರ್ನ್ ಹೊಡೆಯುತ್ತಿತ್ತಂತೆ. ದವಾಖಾನೆಗೆ ಒಯ್ಯುವಷ್ಟು ಹೊತ್ತೂ ಅವಳು ಉಳಿಯಲಿಲ್ಲ. ಕೈಯಲ್ಲಿದ್ದ ಮೊಬೈಲ್ ಪುಡಿಪುಡಿಯಾಗಿ ರಸ್ತೆಗೆ ಅಂಟಿತ್ತು. ಅಂದು ಊರಿನಲ್ಲಿ ಒಲೆ ಹೊತ್ತಿಸಲು ಯಾರಿಗೂ ಮನಸ್ಸಾಗಲಿಲ್ಲ.

ವೈಜನಾಥ ಅಂಗಡಿ ಮುಚ್ಚಿ ಮಣ್ಣಿಗೆ ಹೋದ. ದ್ರೌಪತಿಯ ಅಳು ಕೇಳಲಾರದೆ ದೂರ ನಿಂತಿದ್ದಾಗ ಅವನಿಗೆ ನೀಲಿ ಸೀರೆಯ ಫೋಟೋಗಳು ನೆನಪಾದವು. ಅಷ್ಟಾದರೂ ಕೈಲಾದೀತು, ದೊಡ್ಡದು ಮಾಡಿ, ಚೌಕಟ್ಟು ಹಾಕಿ, ತಾನೇ ಮನೆಗೆ ಒಯ್ದು ಕೊಡಬೇಕು ಅಂದುಕೊಂಡ. ಅಂದುಕೊಂಡದ್ದನ್ನು ಅಂದೇ ಮಾಡಲಿಲ್ಲ. ಮರುದಿನ ಲಗ್ನವಿತ್ತು, ಅದರ ಮರುದಿನ ಇನ್ನೊಂದಿತ್ತು.

ಆ ವಾರದಲ್ಲೇ ದೇವಿದಾಸ, ದ್ರೌಪತಿ ಇಬ್ಬರೂ ಸ್ಟುಡಿಯೋಕ್ಕೆ ಬಂದರು. ದ್ರೌಪತಿ ಒಳಗೆ ಬಂದು, ಮಗಳು ಕೂತು ಫೋಟೋ ತೆಗೆಸಿಕೊಂಡ ಸ್ಟೂಲು ಯಾವುದು ಎಂದು ಕೇಳಿ, ಅದರ ಎದುರು ನೆಲದ ಮೇಲೆ ಕೂತಳು. ದೇವಿದಾಸ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಐತವಾರ ಮಗಳ ಹೆಸರೀಲೆ ಪುಣ್ಯಾನುಮೋದನ ಅದ ಅಣ್ಣಾ. ಬುದ್ಧರ ಮೂರ್ತಿ ಬಾಜೂಕ ಪೋರೀದೊಂದು ಫೋಟೋ ಇಡಬೇಕು. ನಮ್ಮ ಹಂತ್ಯಾಕ ಒಂದೂ ಇಲ್ಲ."

ಇದ್ದದ್ದು ಹೀಗೆ. ಶಾಲೆಯ ಗುಂಪು ಫೋಟೋದಲ್ಲಿ ಅವಳ ಮುಖ ಕಡಲೆ ಕಾಳಿನಷ್ಟು. ಆಧಾರ್ ಕಾರ್ಡಿನಲ್ಲಿ ಇರುವುದು ಕರಿ ನೆರಳು. ಕಾರ್ಖಾನೆಯ ಗೆಳತಿಯರ ಮೊಬೈಲಿನಲ್ಲಿ ಹುಡುಕಿದರೆ ಅಲ್ಲಿ ಎಲ್ಲರೂ ಇದ್ದರು, ಅವಳಿರಲಿಲ್ಲ. ಎಲ್ಲರ ಫೋಟೋ ತೆಗೆಯುತ್ತಿದ್ದವಳೇ ಅವಳು. ಒಂದೇ ಒಂದರಲ್ಲಿ ಗೆಳತಿಯರ ನಡುವೆ ಸಿಕ್ಕಿದ್ದಳು, ಎಲ್ಲರ ತಲೆಗೂ ಕಾರ್ಖಾನೆಯ ಟೊಪ್ಪಿಗೆ, ಬಾಯಿ ಮೂಗಿಗೆ ಮುಸುಕು. ದೇವಿದಾಸನ ಹತ್ತಿರ, ದ್ರೌಪತಿಯ ಹತ್ತಿರ ಇದ್ದದ್ದು ಬಟನ್ ಫೋನು. ಇನ್ನು ಉಳಿದದ್ದು ವೈಜನಾಥನ ಡಬ್ಬಿ ಒಂದೇ.

ವೈಜನಾಥ ಕಂಪ್ಯೂಟರ್ ಚಾಲೂ ಮಾಡಿದ. ಪರದೆ ಬೆಳಗಿತು. ಗುಂಡಗೆ ತಿರುಗುವ ಚುಕ್ಕಿಗಳು ಬಂದು ತಿರುಗುತ್ತಲೇ ಉಳಿದವು. ಆಗ ಕೌದಿಯೊಳಗಿಂದ ಆ ಸಪ್ಪಳ ಬಂತು. ಟಕ್, ಟಕ್, ಟಕ್.

ವಿಜಯಶ್ರೀಯ ಮಾತು ಅವನಿಗೆ ನೆನಪಿತ್ತು. ಪೂನಂಳೂ ನೆನಪಿಸಿದಳು, ತಂಗಿಗೆ ಫೋನ್ ಹಚ್ಚಿ ಕೈಯಲ್ಲಿ ಕೊಟ್ಟಳು. ಬಂದ್ ಮಾಡ್ರಿ ಮಾಮಾ, ಈಗಿಂದೀಗ ಬಂದ್ ಮಾಡ್ರಿ, ಡಬ್ಬಿ ತಗೊಂಡು ಹುಮನಾಬಾದಿಗೆ ಬರ್ರಿ ಎಂದು ಅವಳು ಆ ಕಡೆಯಿಂದ ಹೇಳಿದಳು. ಆದರೆ ದ್ರೌಪತಿ ನೆಲದ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದಳು. ಆ ಕಣ್ಣಿನ ಮುಂದೆ ಹೇಗೆ ಬಂದ್ ಮಾಡುವುದು? ವೈಜನಾಥ ಇನ್ನೊಮ್ಮೆ ನೋಡೋಣ ಎಂದ. ಬೋರ್ಡಿನ ಬಟನ್ ತೆಗೆದ, ಹಾಕಿದ. ಡಬ್ಬಿಯ ನೆತ್ತಿಗೆ ಬಾರಿಸಿದ. ಮತ್ತೆ ತೆಗೆದ, ಮತ್ತೆ ಹಾಕಿದ. ರುಕ್ಮಿಣಿಬಾಯಿ ಗಡಿಬಿಡಿಯಿಂದ ಕೆಂಡ ತಂದಳು, ಲೋಬಾನ ಉದುರಿಸಿದಳು, ಅಮಾವಾಸ್ಯೆಯ ದಾರಿ ಕಾಯಲಿಲ್ಲ. ಹೊಗೆಯಲ್ಲಿ ಎಲ್ಲರ ಕಣ್ಣೂ ಉರಿದವು. ಸಪ್ಪಳ ಮೊದಲು ಜೋರಾಯಿತು, ಆಮೇಲೆ ಕೆರೆಯುವ ಹಾಗಾಯಿತು, ಆಮೇಲೆ ನಿಂತಿತು. ಕರಿ ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮಾತ್ರ ಉಳಿಯಿತು.

"ಏನಂತದ ಅಣ್ಣಾ?" ದೇವಿದಾಸ ಕೇಳಿದ.

ಡಿಸ್ಕ್ ಸಿಗುತ್ತಿಲ್ಲ ಎಂದು ಅದರಲ್ಲಿ ಬರೆದಿತ್ತು. ಹ್ಯಾಂಗ್ ಆಗೇದ, ನಾಳೆ ಬರ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು, ವೈಜನಾಥನಿಗೆ ತನ್ನ ನಾಲಿಗೆಯ ಮೇಲೇ ಹೇಸಿಕೆಯಾಯಿತು. ಇದ್ದದ್ದನ್ನು ಇದ್ದಂತೆ ಹೇಳಿದ. ದೇವಿದಾಸ ಬಯ್ಯಲಿಲ್ಲ. ಟೊಪ್ಪಿಗೆ ಹಾಕಿಕೊಂಡು, ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ, ಹೊರಗೆ ನಡೆದ.

ಆ ಸಂಜೆಯೇ ವೈಜನಾಥ ಡಬ್ಬಿಯನ್ನು ಚೀಲದಲ್ಲಿ ಕಟ್ಟಿಕೊಂಡು ಹುಮನಾಬಾದಿನ ಬಸ್ ಹತ್ತಿದ. ವಿಜಯಶ್ರೀ ಮನೆಯಲ್ಲಿ ಅದನ್ನು ಬಿಚ್ಚಿದಳು. ಪಂಖಾದ ರೆಕ್ಕೆಗಳ ಮೇಲೆ ಹಿಟ್ಟು ಮತ್ತು ಹೊಗೆಯ ಜಿಗಟು ಕೂಡಿ ಕಂದು ಬಣ್ಣದ ಹೆಂಟೆಯಾಗಿತ್ತು, ಚಮಚೆಯ ಹಿಡಿಕೆಯಿಂದ ಕೆರೆದು ತೆಗೆಯಬೇಕಾಯಿತು. ಕಾರ್ಡಿನಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದಳು. ಅದರ ಮೇಲೆ ಲಗ್ನದ ಮೇಲೆ ಲಗ್ನ ತುಂಬಿದ್ದವು, ಅಳಿಸಿದ್ದರ ಮೇಲೆ ಮತ್ತೆ ಮತ್ತೆ ಬರೆದಿತ್ತು. ಡಿಸ್ಕನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲಾ ಲೋಬಾನದ್ದ ತಪ್ಪಂತ ನಾ ಹೇಳೂದಿಲ್ಲ ಮಾಮಾ," ಎಂದಳು. "ಡಿಸ್ಕಿಗೂ ವಯಸ್ಸಾಗ್ತದ. ಆದ್ರ ಸಪ್ಪಳ ಬಂದಾಗ ಮೊದಲನೇ ಸಲಾನ ಬಿಟ್ಟಿದ್ರ ಬಹಳಷ್ಟು ಉಳೀತಿತ್ತು. ಅದು ಸಾಯಾಕತ್ತೀನಿ ಅಂತ ಒದರಾಕತ್ತಿತ್ತು. ನೀವು ಬಡದ್ರಿ."

ವೈಜನಾಥ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ವಿಜಯಶ್ರೀ ಅವನನ್ನು ಇನ್ನು ಬಯ್ಯಲಿಲ್ಲ. ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟು ತೆಗೆದುಕೊಡುವವರು ಹೈದರಾಬಾದಿನಲ್ಲಿದ್ದಾರೆ, ಖಾತ್ರಿ ಏನೂ ಇಲ್ಲ ಎಂದು ಹೇಳಿ, ಡಿಸ್ಕನ್ನು ಹತ್ತಿಯಲ್ಲಿ ಸುತ್ತಿ ಅಲ್ಲಿಗೆ ಕಳಿಸಿದಳು.

ಭಾನುವಾರ ಪುಣ್ಯಾನುಮೋದನ ನಡೆಯಿತು. ಬುದ್ಧರ ಮೂರ್ತಿಯ ಮಗ್ಗುಲಿಗೆ ಮೇಣದ ಬತ್ತಿಗಳ ಹಿಂದೆ ಇಟ್ಟದ್ದು ಟೊಪ್ಪಿಗೆ ಮುಸುಕಿನ ಫೋಟೋ. ದೂರದ ಊರಿನಿಂದ ಬಂದ ನೆಂಟರೊಬ್ಬರು, ಇವರೊಳಗೆ ನಿಮ್ಮ ಮಗಳು ಯಾರು ಎಂದು ಕೇಳಿದರು. ದೇವಿದಾಸ ಬೆರಳಿಟ್ಟು ತೋರಿಸಿದ. ವೈಜನಾಥ ಅಂಗಳದಲ್ಲೇ ನಿಂತು ಅದನ್ನು ಕೇಳಿಸಿಕೊಂಡ, ಊಟಕ್ಕೆ ಕೂಡ್ರಲಿಲ್ಲ.

ಮುಂದಿನ ದಿನಗಳಲ್ಲಿ ವಿಜಯಶ್ರೀ ರಾಜೇಶ್ವರಕ್ಕೆ ಬಂದು ಸ್ಟುಡಿಯೋವನ್ನು ನೆಟ್ಟಗೆ ಮಾಡಿದಳು. ಡಬ್ಬಿಯನ್ನು ನೆಲದಿಂದ ಎತ್ತಿ ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಗಿರಣಿಯ ಬದಿ ಬಿಟ್ಟು ಇಡಿಸಿದಳು. ಹೊಸ ಡಿಸ್ಕ್ ಕೂಡಿಸಿದಳು. ಕರೆಂಟು ಹೋದರೂ ಕಂಪ್ಯೂಟರನ್ನು ಸಾವಕಾಶವಾಗಿ ಬಂದ್ ಮಾಡಲು ಹೊತ್ತು ಸಿಗುವಂತೆ ಬ್ಯಾಟರಿಯ ಯುಪಿಎಸ್ ಹಚ್ಚಿಸಿದಳು. ಬೇಡದ ಪ್ರೋಗ್ರಾಮುಗಳನ್ನು ಕಿತ್ತು ಹಾಕಿ, ವೈರಸ್ ಕಾಯುವುದನ್ನು ಹೊಸದು ಮಾಡಿದಳು. ಬೇರೆಯವರ ಪೆನ್‌ಡ್ರೈವ್ ಚುಚ್ಚಿದರೆ ಮೊದಲು ಅದರ ತಪಾಸಣೆ ಮಾಡುವುದನ್ನು ಪೂನಂಗೆ ಕಲಿಸಿದಳು. ಪೂನಂ ಒಮ್ಮೆಗೇ ಕಲಿತಳು. ಇಷ್ಟು ಸರಳ ಇದ್ದದ್ದಕ್ಕೆ ನಾವು ಇಷ್ಟು ದಿನ ಕೂತೆವಲ್ಲ ಎಂದು ಕಣ್ಣು ತುಂಬಿಕೊಂಡಳು.

ವೈಜನಾಥ ಹೊರಗಿನ ಡಿಸ್ಕ್ ತಂದ, ಒಂದಲ್ಲ ಎರಡು. ಫೋಟೋ ತೆಗೆದ ದಿನವೇ ಎರಡಕ್ಕೂ ಇಳಿಸುತ್ತಾನೆ. ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮನೆಯ ಕಪಾಟಿನಲ್ಲಿ. ಎರಡೂ ಕಡೆ ಇಳಿದಿದೆ ಎಂದು ಕಣ್ಣಾರೆ ನೋಡದೆ ಕಾರ್ಡ್ ಖಾಲಿ ಮಾಡುವುದಿಲ್ಲ. ರುಕ್ಮಿಣಿಬಾಯಿ ಕೌದಿಯನ್ನು ಬಿಚ್ಚಿ ಒಗೆದು ತನ್ನ ಹಾಸಿಗೆಗೆ ಹಾಕಿಕೊಂಡಳು. ಲೋಬಾನ ಈಗಲೂ ಹಾಕುತ್ತಾಳೆ, ಹೊಸ್ತಿಲಾಚೆ ನಿಂತು.

ಬಸವ ಜಯಂತಿಯ ಹೊತ್ತಿಗೆ ಹೈದರಾಬಾದಿನಿಂದ ಡಿಸ್ಕಿನ ಸುದ್ದಿ ಬಂತು. ಹೆಚ್ಚಿನದೆಲ್ಲ ಹೋಗಿತ್ತು. ರತ್ನಮಾಲಾ ನಿಂತ ಫೋಟೋಗಳು ಒಂದೂ ತೆರೆಯಲಿಲ್ಲ. ಕೂಡಿಸಿ ತೆಗೆದದ್ದರಲ್ಲಿ ಒಂದು ಮಾತ್ರ ಬಂದಿತ್ತು, ಅದೂ ಅರ್ಧ. ಮೇಲಿನ ಅರ್ಧದಲ್ಲಿ ಬೆನ್ನ ಹಿಂದಿನ ಬಟ್ಟೆಯ ಪರದೆ, ಹೂ ಮುಡಿದ ತಲೆ, ಹಣೆ, ಎರಡು ಕಣ್ಣು. ಮೂಗಿನ ನಡುವಿನಿಂದ ಕೆಳಗೆ ಬೂದಿ ಬಣ್ಣದ ಪಟ್ಟಿ. ಬಾಯಿ ಇಲ್ಲ, ಗದ್ದ ಇಲ್ಲ, ನೀಲಿ ಸೀರೆ ಇಲ್ಲ.

ವೈಜನಾಥ ಅದನ್ನೇ ದೊಡ್ಡದು ಮಾಡಿಸಿ ದೇವಿದಾಸನ ಮನೆಗೆ ಒಯ್ದ. ಚೌಕಟ್ಟು ಹಾಕಿಸಲು ಅವನಿಗೆ ಧೈರ್ಯವಾಗಿರಲಿಲ್ಲ. ದ್ರೌಪತಿ ಕೈ ತೊಳೆದುಕೊಂಡು ಬಂದು, ಸೆರಗಿಗೆ ಕೈ ಒರೆಸಿ ಇಸಿದುಕೊಂಡಳು. ಬೂದಿ ಬಣ್ಣದ ಭಾಗದ ಮೇಲೆ ಅಂಗೈ ಮುಚ್ಚಿ ಹಿಡಿದು, ಕಣ್ಣುಗಳನ್ನಷ್ಟೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ ಕೇಳಿದಳು.

"ಇದರಾಗ ನಗಾಕತ್ತಿದ್ದಳೇನ್ರಿ ಅಣ್ಣಾ? ತೆಗದವರು ನೀವ ಅಲ್ಲ?"

ವೈಜನಾಥನಿಗೆ ನೆನಪಿರಲಿಲ್ಲ. ಆ ದಿನ ಮಂಠಾಳದ ಲಗ್ನದ ಅವಸರ ನೆನಪಿತ್ತು, ಕಾರ್ಡ್ ಖಾಲಿ ಮಾಡಿದ್ದು ನೆನಪಿತ್ತು. ಹೌದು ಎನ್ನಲು ಬಾಯಿ ತೆರೆದ. ಆ ಎರಡು ಕಣ್ಣು ನೋಡುತ್ತಿರುವಾಗ ಸುಳ್ಳು ಹೊರಡಲಿಲ್ಲ. ತಲೆ ತಗ್ಗಿಸಿ ನಿಂತ. ದ್ರೌಪತಿ ಫೋಟೋ ತೆಗೆದುಕೊಂಡು ಒಳಗೆ ಹೋದಳು.

ಓದುವ ಅಕ್ಕ, ಅಣ್ಣ, ಈಗ ನಿಮ್ಮನ್ನೇ ಕೇಳುತ್ತೇವೆ. ನಿಮ್ಮ ಮನೆಯ, ನಿಮ್ಮ ಅಂಗಡಿಯ, ನಿಮ್ಮ ಸಂಘದ ಕಂಪ್ಯೂಟರ್ ಮಂದವಾಗಿದೆಯೇ? ನಡುನಡುವೆ ನಿಂತುಬಿಡುತ್ತದೆಯೇ? ಅದು ನಿಮ್ಮ ಹಣೆಬರಹ ಅಲ್ಲ, ಯಾರ ಕಣ್ಣೂ ಅಲ್ಲ. ಡಬ್ಬಿಯ ಮೇಲೆ ಕೈ ಇಟ್ಟು ನೋಡಿ, ಸುಡುತ್ತಿದ್ದರೆ ಹೊದಿಕೆ ತೆಗೆಯಿರಿ, ಬಲ್ಲವರಿಂದ ಬಿಚ್ಚಿಸಿ ಧೂಳು ತೆಗೆಸಿರಿ. ಡಿಸ್ಕ್ ತುಂಬಿದ್ದರೆ ಕಸ ಹೊರಹಾಕಿ. ನಿಂತಾಗ ಬಡಿಯಬೇಡಿ, ಜರಾ ಕಾಯಿರಿ, ಪರದೆಯ ಮೇಲಿನ ಶಟ್‌ಡೌನ್ ಒತ್ತಿ ಬಂದ್ ಮಾಡಿ, ಗೋಡೆಯ ಬಟನ್ನಿಗೆ ಕೈ ಹಾಕಬೇಡಿ. ಟಕ್ ಟಕ್ ಎಂದಿತೋ, ಬಂದ್ ಮಾಡಿದ್ದನ್ನು ಮತ್ತೆ ಚಾಲೂ ಮಾಡದೆ ತಿಳಿದವರ ಹತ್ತಿರ ಒಯ್ಯಿರಿ, ಎದುರಿಗೆ ಯಾರೇ ಕೂತಿರಲಿ.

ಇದೆಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸವಿದೆ. ಮತ್ತೊಮ್ಮೆ ಸಿಗದಂಥದ್ದು ಆ ಡಬ್ಬಿಯಲ್ಲಿ ಏನಿದೆ ಎಂದು ನೆನಪು ಮಾಡಿಕೊಳ್ಳಿ, ಅದರ ಕಾಪಿಯನ್ನು ಇನ್ನೊಂದು ಕಡೆ ಇಡಿ. ಸೀಜನ್ ಮುಗಿದ ಮೇಲೆ ಅಲ್ಲ, ನಾಳೆ ಅಲ್ಲ, ಈ ಹಾಳೆ ಕೆಳಗಿಟ್ಟು ಎದ್ದ ಕೂಡಲೆ. ರಾಜೇಶ್ವರದ ಒಂದು ಮನೆಯ ಗೋಡೆಯ ಮೇಲೆ ಎರಡು ಕಣ್ಣುಗಳಿವೆ. ಆ ಹುಡುಗಿ ಅಂದು ನಗುತ್ತಿದ್ದಳೋ ಇಲ್ಲವೋ, ಅವಳ ತಾಯಿಗೆ ಹೇಳುವವರು ಈಗ ಯಾರೂ ಇಲ್ಲ.